ನೀರು ಇಂಧನವಾದೀತೆ?

ನೀರಿನಿಂದ ಎಂಜಿನನ್ನು ಓಡಿಸಬೇಕೆಂಬ ಕನಸು ಬಹಳ ಹಳೆಯದು. ಪೆಟ್ರೋಲಿನ ಬೆಲೆ ಏರಿದಾಗಲೆಲ್ಲ ಅದು ಹೊಸದೊಂದು ವೇಷ ತೊಟ್ಟು ಜನರ ಮುಂದೆ ಬಂದು ನಿಲ್ಲುತ್ತದೆ. ಈಚಿನ ವೇಷವನ್ನು ನಮ್ಮ ತರುಣ ವಾಚಕರಲ್ಲಿ ಅನೇಕರು ಚಲಚ್ಚಿತ್ರದ ತುಣುಕುಗಳಲ್ಲಿ ನೋಡಿಯೇ ಇರುತ್ತಾರೆ. ಹಳೆಯ ಸ್ಕೂಟರಿನಿಂದಲೋ ನೀರೆತ್ತುವ ಪಂಪಿನಿಂದಲೋ ಬಿಚ್ಚಿದ ಒಂದು ಸಣ್ಣ ಎಂಜಿನು. ಅದರ ಸ್ಪಾರ್ಕ್ ಪ್ಲಗ್ಗಿಗೆ ಮಾಮೂಲಿನ ಇಗ್ನಿಷನ್ ಕಾಯಿಲಿನ ಜೊತೆಗೆ ಜೋಡಿಸಿದ ಒಂದು ದೊಡ್ಡ ಕೆಪಾಸಿಟರು. ನಡುವೆ ಒಂದೆರಡು ಡಯೋಡುಗಳು. ಪ್ಲಗ್ಗಿನ ತುದಿಗೆ ನೀರು ಚಿಮುಕಿಸಿ ಗುಂಡಿ ಒತ್ತಿದೊಡನೆ ಕಣ್ಣು ಕೋರೈಸುವ ಮಿಂಚು, ಕಿವಿಗಡಚಿಕ್ಕುವ ಸದ್ದು, ಸುತ್ತಲೂ ಚದುರುವ ಮಂಜು. “ನೋಡಿರಿ, ನೀರು ಹೊತ್ತಿಕೊಂಡಿತು, ಇನ್ನು ಇದನ್ನೇ ಎಂಜಿನಿಗೆ ಊಡಿಸಿದರಾಯಿತು” ಎನ್ನುತ್ತಾನೆ ಪ್ರಯೋಗಕಾರ.

ಇದನ್ನು ಕಂಡವರು ಸಾಮಾನ್ಯವಾಗಿ ಎರಡು ಪಂಗಡಗಳಾಗುತ್ತಾರೆ. ಒಂದು ಪಂಗಡ ಕೈಮುಗಿದು ನಂಬುತ್ತದೆ. ಇನ್ನೊಂದು ಪಂಗಡ “ಹುಚ್ಚಾಟ” ಎಂದು ನಕ್ಕು ಮುಂದೆ ಹೋಗುತ್ತದೆ. ಈ ಎರಡೂ ನಿಲುವುಗಳು ನಮಗೆ ಒಪ್ಪಿಗೆಯಿಲ್ಲ. ಆ ಮಿಂಚು ಸುಳ್ಳಲ್ಲ, ಆ ಸದ್ದು ಕಣ್ಕಟ್ಟಲ್ಲ. ಕಣ್ಣಾರೆ ಕಂಡದ್ದು ನಿಜ. ಅದಕ್ಕೆ ಹಚ್ಚಿದ ಅರ್ಥ ಮಾತ್ರ ತಪ್ಪು. ಕಂಡದ್ದಕ್ಕೂ ಅರ್ಥಕ್ಕೂ ನಡುವಿನ ಈ ಅಂತರವನ್ನು ಅಳೆಯಲು ಕಲಿಯುವುದೇ ವಿಜ್ಞಾನಶಿಕ್ಷಣದ ತಿರುಳು. ಆದುದರಿಂದ ಈ ವಿಷಯವನ್ನು ನಗೆಗೂ ಭಕ್ತಿಗೂ ಬಿಡದೆ ಲೆಕ್ಕದ ತಕ್ಕಡಿಯಲ್ಲಿಟ್ಟು ತೂಗಿ ನೋಡೋಣ.

ಮೊದಲು ನೀರೆಂದರೇನೆಂಬುದನ್ನು ನೆನಪಿಗೆ ತಂದುಕೊಳ್ಳಬೇಕು. ಹದಿನೆಂಟನೆಯ ಶತಮಾನದ ಕೊನೆಯವರೆಗೂ ನೀರನ್ನು ಮೂಲವಸ್ತುವೆಂದೇ ಪಂಡಿತರು ಎಣಿಸಿದ್ದರು. ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷ್ ‘ದಹ್ಯವಾಯು’ವೊಂದನ್ನು ಗಾಜಿನ ಪಾತ್ರೆಯಲ್ಲಿ ವಿದ್ಯುತ್ಕಿಡಿಯಿಂದ ಉರಿಸಿದಾಗ ಪಾತ್ರೆಯ ಒಳಮೈಯಲ್ಲಿ ಶುದ್ಧವಾದ ನೀರು ಹನಿಗಟ್ಟಿತು. ಫ್ರಾನ್ಸಿನ ಲವಾಸಿಯೆ 1783ರಲ್ಲಿ ಅದರ ಅರ್ಥವನ್ನು ಬಿಡಿಸಿ ಹೇಳಿ, ನೀರು ಸಂಯುಕ್ತವಸ್ತುವೆಂದು ಸಾರಿದನು. ಜಲಜನಕವು ಆಮ್ಲಜನಕದೊಡನೆ ಕೂಡಿ ಉರಿದು ಮುಗಿದ ಮೇಲೆ ಉಳಿಯುವುದೇ ನೀರು. ಸೌದೆ ಉರಿದರೆ ಬೂದಿ; ಜಲಜನಕ ಉರಿದರೆ ನೀರು. ಕೆರೆ, ಹೊಳೆ, ಕಡಲುಗಳಲ್ಲಿ ತುಂಬಿರುವುದೆಲ್ಲ ಎಂದೋ ಉರಿದು ಆರಿದ ಒಲೆಯ ಬೂದಿಯೇ ಸರಿ. ಬೂದಿಯನ್ನು ಎಷ್ಟು ಊದಿದರೂ ಅನ್ನ ಬೇಯುವುದಿಲ್ಲ.

“ಬೂದಿಯನ್ನು ಮತ್ತೆ ಸೌದೆಯಾಗಿಸಬಹುದಲ್ಲ?” ಎಂದು ಜಾಣನಾದ ವಿದ್ಯಾರ್ಥಿಯು ಕೇಳಬಹುದು. ಆಗಿಸಬಹುದು. 1800ರಲ್ಲಿ ನಿಕಲ್ಸನ್ ಮತ್ತು ಕಾರ್ಲೈಲ್ ಎಂಬ ಇಬ್ಬರು ಆಂಗ್ಲರು ವೋಲ್ಟನ ಹೊಸ ವಿದ್ಯುತ್ಕೋಶದ ತಂತಿಗಳನ್ನು ನೀರಿನಲ್ಲಿ ಅದ್ದಿ, ನೀರನ್ನು ಜಲಜನಕ ಆಮ್ಲಜನಕಗಳಾಗಿ ಸೀಳಿ ತೋರಿಸಿದರು. ಆದರೆ ಈ ಸೀಳುವಿಕೆ ಪುಕ್ಕಟೆಯಲ್ಲ. 18 ಗ್ರಾಂ ನೀರು ಉಂಟಾಗುವಾಗ 286 ಕಿಲೋಜೌಲ್ ಶಕ್ತಿ ಹೊರಬೀಳುತ್ತದೆ; ಅದೇ 18 ಗ್ರಾಂ ನೀರನ್ನು ಸೀಳಬೇಕಾದರೆ ಅದೇ 286 ಕಿಲೋಜೌಲನ್ನು ಹಿಂದಕ್ಕೆ ತೆರಬೇಕಾಗುತ್ತದೆ. ಒಂದು ಲೀಟರಿಗೆ ಇದು ಸುಮಾರು 15,900 ಕಿಲೋಜೌಲ್, ಅಂದರೆ ನಮ್ಮ ಮನೆಯ ವಿದ್ಯುತ್ ಮೀಟರಿನ ಲೆಕ್ಕದಲ್ಲಿ ಸುಮಾರು 4.4 ಯೂನಿಟ್. ಕಿಡಿಯಿಂದ ಸೀಳಿದರೂ, ತಂತಿಯಿಂದ ಸೀಳಿದರೂ, ಕಾಸಿ ಸೀಳಿದರೂ ಈ ಮೊತ್ತದಲ್ಲಿ ಬಿಡಿಗಾಸಿನ ರಿಯಾಯಿತಿಯೂ ಇಲ್ಲ. ಕೊಟ್ಟದ್ದು ಹಿಂದಕ್ಕೆ ಬಂದೀತು, ಕೊಡದ್ದು ಬರಲಾರದು. ದಾರಿಯಲ್ಲಿ ಸೋರಿಹೋಗುವುದನ್ನು ಕಳೆದರೆ ಕೊಟ್ಟದ್ದೂ ಪೂರ್ತಿಯಾಗಿ ಬರುವುದಿಲ್ಲ. ಜೌಲನ ಪ್ರಯೋಗಗಳೂ 1847ರ ಹೆಲ್ಮ್‌ಹೋಲ್ಟ್ಸನ ಪ್ರಬಂಧವೂ ಗಟ್ಟಿಮಾಡಿದ ಶಕ್ತಿನಿತ್ಯತ್ವ ನಿಯಮದ ಸಾರಾಂಶ ಇಷ್ಟೆ.

ಜಲಜನಕದ ಎಂಜಿನು ಅಸಾಧ್ಯವೆಂದು ನಾವು ಹೇಳುತ್ತಿಲ್ಲ. ಪೆಟ್ರೋಲಿನ ಎಂಜಿನು ಹುಟ್ಟುವ ಎಷ್ಟೋ ಮುಂಚೆ, 1807ರಲ್ಲಿಯೇ, ಫ್ರಾಂಸ್ವಾ ಈಸಾಕ್ ದ ರಿವಾಜ್ ಎಂಬಾತನು ಜಲಜನಕವನ್ನು ವಿದ್ಯುತ್ಕಿಡಿಯಿಂದ ಹೊತ್ತಿಸುವ ಎಂಜಿನಿಗೆ ಪೇಟೆಂಟು ಪಡೆದಿದ್ದನು. ಆದರೆ ಆತನು ಜಲಜನಕವನ್ನು ಚೀಲದಲ್ಲಿ ತುಂಬಿ ತಂದಿದ್ದನೇ ಹೊರತು ನೀರಿನ ಹೂಜಿಯನ್ನು ತಂದಿರಲಿಲ್ಲ. ಜಲಜನಕದಿಂದ ಓಡುವ ಗಾಡಿಗೂ ನೀರಿನಿಂದ ಓಡುವ ಗಾಡಿಗೂ ಸೌದೆಗೂ ಬೂದಿಗೂ ಇರುವಷ್ಟೇ ವ್ಯತ್ಯಾಸವುಂಟು.

ಹಾಗಾದರೆ ಆ ಮಿಂಚು, ಆ ಸದ್ದು ಎಲ್ಲಿಂದ ಬಂದುವು? ಲೆಕ್ಕಹಾಕಿ ನೋಡೋಣ. 100 ಮೈಕ್ರೋಫ್ಯಾರಡಿನ ಕೆಪಾಸಿಟರನ್ನು 400 ವೋಲ್ಟಿನವರೆಗೆ ತುಂಬಿದರೆ ಅದರಲ್ಲಿ ಅಡಗುವ ಶಕ್ತಿ 8 ಜೌಲ್. ಸಾಮಾನ್ಯವಾದ ಸ್ಪಾರ್ಕ್ ಪ್ಲಗ್ಗಿನ ಕಿಡಿಯಲ್ಲಿರುವುದು ಒಂದು ಜೌಲಿನ ಹತ್ತನೆಯ ಒಂದು ಪಾಲಿಗಿಂತಲೂ ಕಡಿಮೆ. ಹೀಗೆ ನೂರರಷ್ಟು ಬಲಿತ ಕಿಡಿಯು ಕಣ್ಣೆವೆ ಇಕ್ಕುವುದರೊಳಗೆ ಸಿಡಿದರೆ ಬೆರಗಾಗದವರಾರು? 30 ಡಿಗ್ರಿಯ ಒಂದು ಗ್ರಾಂ ನೀರನ್ನು ಕುದಿಸಿ ಆವಿ ಮಾಡಲು ಸುಮಾರು 2,550 ಜೌಲ್ ಬೇಕು. ಆದುದರಿಂದ 8 ಜೌಲಿನ ಕಿಡಿಯು ಒಂದಿಷ್ಟೂ ಪೋಲಾಗದಿದ್ದರೂ ಆವಿ ಮಾಡಬಲ್ಲದ್ದು ಸುಮಾರು 3 ಮಿಲಿಗ್ರಾಂ ನೀರನ್ನು ಮಾತ್ರ. ಇದು ಒಂದು ಹನಿಯ ಹದಿನಾರನೆಯ ಒಂದು ಪಾಲಷ್ಟೆ! ಆದರೆ ಆ ಪುಡಿಹನಿಯು ಆವಿಯಾಗುವಾಗ ತನ್ನ ಗಾತ್ರದ ಸುಮಾರು 1,700ರಷ್ಟು ಹಿಗ್ಗುತ್ತದೆ. ಈ ಹಠಾತ್ ಹಿಗ್ಗುವಿಕೆಯ ಪೆಟ್ಟೇ ನಾವು ಕೇಳಿದ ಸದ್ದು. ಅಲ್ಲಿ ನೀರು ಉರಿಯಲಿಲ್ಲ; ಏಟು ತಿಂದು ಸಿಡಿಯಿತು. ಏಟು ಕೊಟ್ಟದ್ದು ಕೆಪಾಸಿಟರು. ಕೆಪಾಸಿಟರಿಗೆ ಬಲ ಕೊಟ್ಟದ್ದು ಬ್ಯಾಟರಿ.

ನೀರಿನಲ್ಲಿ ಕಿಡಿ ಸಿಡಿಸುವ ಈ ವಿದ್ಯೆ ನಿರುಪಯುಕ್ತವೆಂದು ತಿಳಿಯಬಾರದು. ಮೂತ್ರಪಿಂಡದ ಕಲ್ಲುಗಳನ್ನು ಶಸ್ತ್ರವಿಲ್ಲದೆ ಒಡೆಯಲು ವೈದ್ಯರು ನೀರಿನೊಳಗೆ ಸಿಡಿಸಿದ ಕಿಡಿಯ ಆಘಾತತರಂಗವನ್ನೇ ಬಳಸಿದರು. ಜರ್ಮನಿಯ ಮ್ಯೂನಿಕ್ ನಗರದಲ್ಲಿ 1980ರಲ್ಲಿ ಮೊದಲ ರೋಗಿಗೆ ಈ ಚಿಕಿತ್ಸೆ ನಡೆಯಿತು. ಅಲ್ಲಿ ಯಾರೂ ನೀರಿನಿಂದ ಶಕ್ತಿ ಹುಟ್ಟಿತೆನ್ನಲಿಲ್ಲ. ವಿದ್ಯುತ್ತಿನ ಶಕ್ತಿಯನ್ನು ನೀರು ಹೊತ್ತೊಯ್ದು ಕಲ್ಲಿಗೆ ಮುಟ್ಟಿಸಿತೆಂದರು. ಕಂಡದ್ದು ಒಂದೇ, ಅರ್ಥ ಸರಿಯಾದುದರಿಂದ ರೋಗಿಗೆ ಗುಣವಾಯಿತು.

ಈ ಕಿಡಿಯನ್ನು ಎಂಜಿನಿಗೆ ಕಟ್ಟಿದರೇನಾದೀತೆಂಬುದನ್ನೂ ನೋಡಿಬಿಡೋಣ. 100 ಸಿ.ಸಿ. ಗಾತ್ರದ ಎಂಜಿನು ಪೂರ್ಣ ಭಾರದಲ್ಲಿ ಪ್ರತಿ ಉಸಿರಿಗೆ ಸುಮಾರು 0.12 ಗ್ರಾಂ ಗಾಳಿಯನ್ನೂ ಅದಕ್ಕೆ ತಕ್ಕಂತೆ ಸುಮಾರು 8 ಮಿಲಿಗ್ರಾಂ ಪೆಟ್ರೋಲನ್ನೂ ಒಳಗೆಳೆದುಕೊಳ್ಳುತ್ತದೆ. ಆ ಪೆಟ್ರೋಲು ಉರಿದಾಗ ಸುಮಾರು 350 ಜೌಲ್ ಶಾಖ ಹೊರಬೀಳುತ್ತದೆ. ಕಿಡಿಯ ಕೆಲಸ ಇಲ್ಲಿ ಕಡ್ಡಿ ಗೀರುವುದು ಮಾತ್ರ, ಉರಿಯುವುದು ಪೆಟ್ರೋಲು. ಪೆಟ್ರೋಲಿನ ಬದಲು ನೀರನ್ನು ಬಿಟ್ಟೆವೆನ್ನಿ. ಆಗ 350 ಜೌಲಿನ ಜಾಗದಲ್ಲಿರುವುದು ಕಿಡಿಯ 8 ಜೌಲ್ ಅಷ್ಟೆ. ಆ 8 ಜೌಲನ್ನು ಒದಗಿಸುವುದಾದರೂ ಸುಲಭವೆ? ನಿಮಿಷಕ್ಕೆ 3,000 ಸುತ್ತು ತಿರುಗುವ ನಾಲ್ಕು ಹೊಡೆತದ ಎಂಜಿನಿಗೆ ಸೆಕೆಂಡಿಗೆ 25 ಕಿಡಿ ಬೇಕು; ಅಂದರೆ ಬ್ಯಾಟರಿಯಿಂದ 200 ವ್ಯಾಟ್. 12 ವೋಲ್ಟಿನ 5 ಆಂಪಿಯರ್-ಗಂಟೆಯ ಸ್ಕೂಟರಿನ ಬ್ಯಾಟರಿಯು ಹೆಚ್ಚೆಂದರೆ 18 ನಿಮಿಷದಲ್ಲಿ ಬರಿದಾಗುತ್ತದೆ. ಆ 200 ವ್ಯಾಟಿನಲ್ಲಿ ಬಹುಪಾಲು ಶಾಖವಾಗಿ ಸೋರಿ, ಚಕ್ರಕ್ಕೆ ಮುಟ್ಟುವುದು ಅತ್ಯಲ್ಪ. ಅದೇ ವಿದ್ಯುತ್ತನ್ನು ನೇರವಾಗಿ ಒಂದು ಸಣ್ಣ ಮೋಟಾರಿಗೆ ಕೊಟ್ಟಿದ್ದರೆ ಕೆಲಸ ಎಷ್ಟೋ ಪಾಲು ಹೆಚ್ಚಾಗುತ್ತಿತ್ತು. ಮೂಗು ಹಿಡಿಯಲು ಕೈಯನ್ನು ಕತ್ತಿನ ಹಿಂದಿನಿಂದ ಸುತ್ತಿ ತರುವುದೇಕೆ?

ಇನ್ನು ಕೆಲವರು ಪೆಟ್ರೋಲನ್ನು ಪೂರ್ತಿ ಬಿಡದೆ, ಕಾರಿನಲ್ಲಿಯೇ ನೀರನ್ನು ಸೀಳುವ ಡಬ್ಬಿಯನ್ನಿಟ್ಟು, ಬಂದ ಅನಿಲವನ್ನು ಎಂಜಿನಿಗೆ ಊಡಿಸಿ, “ಮೈಲೇಜು ಏರಿತು” ಎನ್ನುತ್ತಾರೆ. ಡಬ್ಬಿಗೆ ವಿದ್ಯುತ್ತು ಬರುವುದು ಆಲ್ಟರ್ನೇಟರಿನಿಂದ. ಆಲ್ಟರ್ನೇಟರನ್ನು ತಿರುಗಿಸುವುದು ಎಂಜಿನು. ಎಂಜಿನನ್ನು ತಿರುಗಿಸುವುದು ಪೆಟ್ರೋಲು. ನೂರು ರೂಪಾಯಿಯ ಪೆಟ್ರೋಲಿನಲ್ಲಿ ಸುಮಾರು ಇಪ್ಪತ್ತೈದು ಮೂವತ್ತು ರೂಪಾಯಿಯಷ್ಟು ಶಕ್ತಿ ಮಾತ್ರ ತಿರುಗುವ ದಂಡಕ್ಕೆ ಬರುತ್ತದೆ. ಆಲ್ಟರ್ನೇಟರನ್ನು ದಾಟುವಾಗ ಅದು ಹದಿನೈದರ ಸುಮಾರಿಗೆ ಇಳಿಯುತ್ತದೆ. ಡಬ್ಬಿಯಿಂದ ಅನಿಲವಾಗಿ ಹೊರಬರುವಾಗ ಹತ್ತರ ಸುಮಾರು. ಆ ಹತ್ತನ್ನು ಮತ್ತೆ ಎಂಜಿನಿನಲ್ಲಿ ಉರಿಸಿದರೆ ಸಿಗುವ ಕೆಲಸ ಎರಡೂವರೆ ಮೂರು ರೂಪಾಯಿಯದು. ಇದು ಉಳಿತಾಯವೋ ದಿವಾಳಿಯೋ ವಾಚಕರೇ ನಿರ್ಣಯಿಸಲಿ.

ಈ ಭ್ರಮೆಗೆ ಒಂದು ಸತ್ಯಾಂಶದ ಬೇರೂ ಉಂಟು. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಎಂಜಿನಿಗೆ ನೀರಿನಿಂದ ನೆರವಾಗುವುದುಂಟು. ಎರಡನೆಯ ಮಹಾಯುದ್ಧದಲ್ಲಿ ಎರಡೂ ಪಕ್ಷಗಳ ಕಾಳಗದ ವಿಮಾನಗಳು ಅವಸರದ ವೇಳೆಯಲ್ಲಿ ನೀರು ಮತ್ತು ಮೆಥನಾಲಿನ ಮಿಶ್ರಣವನ್ನು ಎಂಜಿನಿಗೆ ಸಿಂಪಡಿಸಿ ಹೆಚ್ಚಿನ ಬಲ ಪಡೆಯುತ್ತಿದ್ದುವು. ಬಿ.ಎಂ.ಡಬ್ಲ್ಯು. ಸಂಸ್ಥೆ 2016ರಲ್ಲಿ ನೀರು ಸಿಂಪಡಿಸುವ ಏರ್ಪಾಡುಳ್ಳ ಕಾರೊಂದನ್ನು ಮಾರಾಟಕ್ಕೆ ತಂದಿತು. ಆದರೆ ಅಲ್ಲಿ ನೀರು ಇಂಧನವಲ್ಲ, ತಂಪುಕಾರಕ. ಅದು ಆವಿಯಾಗುತ್ತ ಒಳಗಿನ ಬಿಸಿಯನ್ನು ಹೀರುತ್ತದೆ. ಇಂಧನವು ಅಕಾಲದಲ್ಲಿ ಸಿಡಿಯುವುದು ತಪ್ಪುತ್ತದೆ. ಆಗ ಎಂಜಿನಿಗೆ ಹೆಚ್ಚು ಗಾಳಿಯನ್ನೂ ಇಂಧನವನ್ನೂ ಒತ್ತಿ ತುಂಬಬಹುದು. ಬಲ ಬಂದದ್ದು ಆ ಹೆಚ್ಚಿನ ಇಂಧನದಿಂದ. ನೀರು ಹಾಕಿದರೆ ಬಲ ಹೆಚ್ಚಿತೆಂಬ ಅರ್ಧಸತ್ಯವೇ ನೀರು ಉರಿಯಿತೆಂಬ ಪೂರ್ಣ ಅಸತ್ಯವಾಗಿ ಬೆಳೆಯಿತು.

ಇಂಥ ಅಸತ್ಯವನ್ನು ಮಾರಿ ಬದುಕಿದವರೂ ಇದ್ದಾರೆ. 1916ರಲ್ಲಿ ಅಮೆರಿಕದ ಲೂಯಿಸ್ ಎನ್‌ರಿಕ್ಟ್ ಎಂಬಾತನು ನೀರಿಗೆ ಹಸಿರು ದ್ರವವೊಂದನ್ನು ಬೆರೆಸಿ ಕಾರು ಓಡಿಸುವೆನೆಂದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದನು. ಓಹಾಯೋ ರಾಜ್ಯದ ಸ್ಟ್ಯಾನ್ಲಿ ಮೇಯರ್ ತನ್ನ ‘ನೀರಿನ ಇಂಧನಕೋಶ’ಕ್ಕೆ ಹಣ ಕೂಡಿಸಿದನು. ನ್ಯಾಯಾಲಯದ ಮುಂದೆ ತಜ್ಞರು ಅದನ್ನು ಪರೀಕ್ಷಿಸಿ, ಅದರಲ್ಲಿರುವುದು ಮಾಮೂಲಿನ ವಿದ್ಯುದ್ವಿಭಜನೆಯೇ ಎಂದು ಹೇಳಿದರು. 1996ರಲ್ಲಿ ನ್ಯಾಯಾಲಯವು ಇದು ಘೋರ ವಂಚನೆಯೆಂದು ತೀರ್ಮಾನಿಸಿ, ಹಣ ಹೂಡಿದ್ದ ಇಬ್ಬರಿಗೆ 25,000 ಡಾಲರುಗಳನ್ನು ಹಿಂದಿರುಗಿಸಬೇಕೆಂದು ವಿಧಿಸಿತು. ಅದೇ ವರ್ಷ ನಮ್ಮ ನೆರೆಯ ತಮಿಳುನಾಡಿನ ರಾಮರ್ ಪಿಳ್ಳೈ ನೀರಿನಲ್ಲಿ ಮೂಲಿಕೆ ಕುದಿಸಿ ಪೆಟ್ರೋಲು ಮಾಡುವೆನೆಂದು ದೇಶವನ್ನೇ ಬೆರಗುಗೊಳಿಸಿದನು. ಮೂಲಿಕೆಯ ಪೆಟ್ರೋಲೆಂದು ಜನರಿಗೆ ಮಾರಿದ ಮೋಸಕ್ಕಾಗಿ 2016ರಲ್ಲಿ ಚೆನ್ನೈಯ ನ್ಯಾಯಾಲಯವು ಅವನಿಗೆ ಮೂರು ವರ್ಷದ ಸೆರೆವಾಸ ವಿಧಿಸಿತು. 2012ರಲ್ಲಿ ಪಾಕಿಸ್ತಾನದಲ್ಲಿ ನೀರಿನ ಕಾರಿನ ಪ್ರದರ್ಶನವೊಂದನ್ನು ಸಚಿವರೂ ದೂರದರ್ಶನದ ನಿರೂಪಕರೂ ಕೊಂಡಾಡಿದರು. ಭೌತವಿಜ್ಞಾನಿ ಪರ್ವೇಜ್ ಹೂಡ್‌ಭಾಯ್ ಮೊದಲಾದ ಕೆಲವರು ಮಾತ್ರ ಧೈರ್ಯವಾಗಿ ಅದನ್ನು ಖಂಡಿಸಿದರು. ದೇಶ ಬೇರೆ, ಕಾಲ ಬೇರೆ, ಕಥೆ ಒಂದೇ. ಒಳಕ್ಕೆ ಹೋದ ಶಕ್ತಿ ಎಷ್ಟು, ಹೊರಕ್ಕೆ ಬಂದ ಶಕ್ತಿ ಎಷ್ಟು ಎಂಬ ಎರಡು ಸಂಖ್ಯೆಗಳನ್ನು ಇವರಲ್ಲಿ ಯಾರೂ ಸ್ವತಂತ್ರ ಪರೀಕ್ಷಕರ ಮುಂದೆ ತಾಳೆಹಾಕಿ ತೋರಿಸಲಿಲ್ಲ.

“ತೈಲದ ವ್ಯಾಪಾರಿಗಳು ಇದನ್ನು ಅದುಮಿಟ್ಟಿದ್ದಾರೆ” ಎಂಬ ವಾದವನ್ನು ನಾವು ಮತ್ತೆ ಮತ್ತೆ ಕೇಳುತ್ತೇವೆ. ತನಗೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲನ್ನು ನಮ್ಮ ದೇಶವು ಹೊರಗಿನಿಂದ ಕೊಳ್ಳುತ್ತದೆ. ಜಪಾನಿನ ನೆಲದಲ್ಲಿ ತೈಲ ಇಲ್ಲವೆಂದೇ ಹೇಳಬೇಕು. ನೀರು ನಿಜವಾಗಿ ಉರಿಯುವುದಾಗಿದ್ದರೆ ಇಂಥ ದೇಶಗಳು ಯಾವ ವ್ಯಾಪಾರಿಯ ಅಪ್ಪಣೆಗೂ ಕಾಯುತ್ತಿರಲಿಲ್ಲ. ಇನ್ನು ಕೆಲವರು, “ವಿಮಾನ ಹಾರದೆಂದೂ ಪಂಡಿತರು ಹೇಳಿರಲಿಲ್ಲವೆ?” ಎನ್ನುತ್ತಾರೆ. ಹಾರುವುದನ್ನು ಹಕ್ಕಿಗಳು ಎಂದಿನಿಂದಲೋ ತೋರಿಸುತ್ತಿದ್ದುವು. ವಿಮಾನವು ಪ್ರಕೃತಿಯ ಯಾವ ನಿಯಮವನ್ನೂ ಮುರಿಯಲಿಲ್ಲ. ಕೊಟ್ಟದ್ದಕ್ಕಿಂತ ಹೆಚ್ಚು ಶಕ್ತಿಯನ್ನು ಹಿಂದಿರುಗಿಸುವ ಯಂತ್ರವನ್ನಾದರೋ ಪ್ರಕೃತಿಯಲ್ಲಿ ಯಾರೂ ಕಂಡಿಲ್ಲ. ಪ್ಯಾರಿಸಿನ ವಿಜ್ಞಾನ ಅಕಾಡೆಮಿಯು ನಿರಂತರ ಚಲನೆಯ ಯಂತ್ರಗಳನ್ನು ಇನ್ನು ಪರಿಶೀಲಿಸುವುದಿಲ್ಲವೆಂದು 1775ರಲ್ಲಿಯೇ ನಿರ್ಧರಿಸಿತು. ನೀರಿನ ಎಂಜಿನು ಅದೇ ಯಂತ್ರದ ಒದ್ದೆಬಟ್ಟೆ ಉಟ್ಟ ರೂಪ.

ಇಷ್ಟರಿಂದ, ಹುಡುಗರು ತಂತಿ ಮುಟ್ಟಬಾರದು, ಪುಸ್ತಕ ಬಿಟ್ಟೇಳಬಾರದು ಎಂದು ನಾವು ಸಾರುತ್ತಿದ್ದೇವೆಂದು ಯಾರೂ ಭಾವಿಸಬಾರದು. ನಮ್ಮ ಅಭಿಪ್ರಾಯ ಅದಕ್ಕೆ ನೇರ ವಿರುದ್ಧವಾದುದು. ಮನೆಯ ಹಿತ್ತಿಲಲ್ಲಿ ಹಳೆಯ ಎಂಜಿನು ಬಿಚ್ಚಿ ಕೂತ ಹುಡುಗನಲ್ಲಿ, ಗೈಡುಪುಸ್ತಕ ಉರುಹೊಡೆಯುವ ಹತ್ತು ಜನರಲ್ಲಿಲ್ಲದ ಒಂದು ಗುಣವಿದೆ: ಕೈಯಿಂದ ಮಾಡಿ ತಿಳಿಯಬೇಕೆಂಬ ಹಸಿವು. ಆ ಹಸಿವಿಗೆ ಶಾಲೆಯಲ್ಲಿ ಅನ್ನ ಸಿಗದಿದ್ದರೆ ಅವನು ಬೀದಿಯ ಪದಾರ್ಥ ತಿನ್ನುತ್ತಾನೆ. ಪ್ರಯೋಗಾಲಯಕ್ಕೆ ಬೀಗ ಹಾಕಿ, ಪರೀಕ್ಷೆಯ ಮುನ್ನಾದಿನ ಮಾತ್ರ ತೆರೆಯುವ ಶಾಲೆಗೆ, ನೀರಿನ ಕಾರನ್ನು ನಂಬಿದ ವಿದ್ಯಾರ್ಥಿಯನ್ನು ಹಳಿಯುವ ಅಧಿಕಾರವಿಲ್ಲ. ಅವನಿಗೆ ಕೊರತೆಯಾದುದು ಬುದ್ಧಿಯಲ್ಲ. ಒಂದು ಆಮ್ಮೀಟರು, ಒಂದು ವೋಲ್ಟ್‌ಮೀಟರು, ಮತ್ತು ಪಕ್ಕದಲ್ಲಿ ನಿಂತು ಕೇಳುವ ಒಬ್ಬ ಉಪಾಧ್ಯಾಯ.

ಅಪಾಯದ ವಿಷಯದಲ್ಲಿ ಮಾತ್ರ ನಾವು ನಿಷ್ಠುರವಾಗಿ ಹೇಳುತ್ತೇವೆ. 400 ವೋಲ್ಟು ತುಂಬಿದ ದೊಡ್ಡ ಕೆಪಾಸಿಟರು ಪ್ರಾಣ ತೆಗೆಯಬಲ್ಲದು. ಬ್ಯಾಟರಿಯ ತಂತಿ ಕಿತ್ತ ಮೇಲೂ ಅದರೊಳಗಿನ ವಿದ್ಯುತ್ತು ಹೊಂಚುಹಾಕಿ ಕೂತಿರುತ್ತದೆ. ಜಲಜನಕವು ಗಾಳಿಯಲ್ಲಿ ನೂರಕ್ಕೆ 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿದ್ದರೂ ಹೊತ್ತಿಕೊಳ್ಳುತ್ತದೆ. ಹೊತ್ತಿಸಲು ಬಟ್ಟೆ ಉಜ್ಜಿದಾಗ ಏಳುವ ಕಿಡಿಯೂ ಸಾಕು. ಜಲಜನಕ ಆಮ್ಲಜನಕಗಳ ಮಿಶ್ರಣವನ್ನು ಬಾಟಲಿಯಲ್ಲಿ ತುಂಬಿಡುವುದೆಂದರೆ ಮಗ್ಗುಲಲ್ಲಿ ಸಿಡಿಮದ್ದು ಇಟ್ಟುಕೊಂಡು ಮಲಗಿದಂತೆ. ಅಡಿಗೆಯ ಉಪ್ಪಿನ ನೀರಿನಲ್ಲಿ ವಿದ್ಯುತ್ತು ಹಾಯಿಸಿದರೆ ವಿಷಾನಿಲವಾದ ಕ್ಲೋರಿನ್ ಹೊಮ್ಮುತ್ತದೆ. ಇಲ್ಲದ ಲಾಭಕ್ಕಾಗಿ ಕಣ್ಣನ್ನೋ ಕೈಯನ್ನೋ ಪಣಕ್ಕಿಡುವುದು ಸಾಹಸವಲ್ಲ.

ಇದರ ಬದಲು ಒಂದು ಪ್ರಯೋಗವನ್ನು ಉಪಾಧ್ಯಾಯರ ಸಮ್ಮುಖದಲ್ಲಿ, ಗಾಳಿಯಾಡುವ ಕೊಠಡಿಯಲ್ಲಿ ಮಾಡಿ ನೋಡಿರಿ. ಒಂದೂವರೆ ವೋಲ್ಟಿನ ನಾಲ್ಕು ಕೋಶಗಳು, ಎರಡು ಪೆನ್ಸಿಲಿನ ಸೀಸದ ಕಡ್ಡಿಗಳು, ತುಸು ವಾಷಿಂಗ್ ಸೋಡಾ ಕರಗಿಸಿದ ನೀರು, ಅಳತೆಯ ಗೆರೆಗಳುಳ್ಳ ಎರಡು ಕೊಳವೆಗಳು. ಒಂದೊಂದು ಕಡ್ಡಿಯ ಮೇಲೂ ನೀರು ತುಂಬಿದ ಕೊಳವೆಯನ್ನು ಬೋರಲು ಹಾಕಿ, ಅನಿಲಗಳನ್ನು ಬೇರೆಬೇರೆಯಾಗಿ ಹಿಡಿಯಿರಿ. 0.1 ಆಂಪಿಯರ್ ವಿದ್ಯುತ್ತನ್ನು ಒಂದು ಗಂಟೆ ಹಾಯಿಸಿದರೆ ಒಂದರಲ್ಲಿ ಸುಮಾರು 45 ಘನ ಸೆಂಟಿಮೀಟರ್ ಜಲಜನಕವೂ ಇನ್ನೊಂದರಲ್ಲಿ ಅದರ ಅರ್ಧ ಅಥವಾ ತುಸು ಕಡಿಮೆ ಆಮ್ಲಜನಕವೂ ಕೂಡುತ್ತದೆ. ಅನಿಲವನ್ನು ಉರಿಸುವುದು ಬೇಡ. ಲೆಕ್ಕ ಹಾಕಿದರೆ ಸಾಕು. ವೋಲ್ಟ್‌ಮೀಟರು 6 ವೋಲ್ಟು ತೋರಿಸಿದರೆ ನೀವು ತೆತ್ತ ಶಕ್ತಿ 2,160 ಜೌಲ್. ಕೂಡಿದ ಜಲಜನಕ ಪೂರ್ತಿ ಉರಿದರೆ ಬರುವುದು ಸುಮಾರು 530 ಜೌಲ್. ನಾಲ್ಕು ಕೊಟ್ಟು ಒಂದು ಪಡೆದಿರಿ. ಉಳಿದ ಮೂರು ನೀರನ್ನು ಬೆಚ್ಚಗೆ ಮಾಡಿತು. ಇನ್ನು ನಿಮ್ಮ ಬುದ್ಧಿ ಓಡಲಿ. ಕಡ್ಡಿಗಳನ್ನು ಹತ್ತಿರ ತಂದರೆ? ಸೋಡಾ ಹೆಚ್ಚಿಸಿದರೆ? ಕೋಶ ಕಡಮೆ ಮಾಡಿದರೆ? ನಾಲ್ಕಕ್ಕೆ ಒಂದನ್ನು ಮೂರಕ್ಕೆ ಒಂದು, ಎರಡಕ್ಕೆ ಒಂದು ಮಾಡಬಲ್ಲಿರಾ?

ಈ ಪ್ರಶ್ನೆ ಮಕ್ಕಳಾಟವಲ್ಲ. ಭಾರತ ಸರ್ಕಾರವು 2023ರ ಜನವರಿಯಲ್ಲಿ ಒಪ್ಪಿಗೆಯಿತ್ತ ಹಸಿರು ಜಲಜನಕದ ರಾಷ್ಟ್ರೀಯ ಯೋಜನೆಯು 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಜಲಜನಕವನ್ನು ತಯಾರಿಸುವ ಸಾಮರ್ಥ್ಯವನ್ನು ಗುರಿಯಾಗಿಟ್ಟುಕೊಂಡಿದೆ. ಬಿಸಿಲು ಮತ್ತು ಗಾಳಿಯಿಂದ ಪಡೆದ ವಿದ್ಯುತ್ತಿನಿಂದ ನೀರನ್ನು ಸೀಳುವುದೇ ಅದರ ಮುಖ್ಯ ಮಾರ್ಗ. ಅಲ್ಲಿ ನೀರು ಇಂಧನವೆಂದು ಯಾರೂ ಹೇಳುವುದಿಲ್ಲ. ಶಕ್ತಿ ಸೂರ್ಯನದು, ಜಲಜನಕ ಅದನ್ನು ಹೊರುವ ಹಮಾಲಿ. ಸೀಳುವಾಗ ಸೋರುವ ಶಕ್ತಿಯನ್ನು ಕಡಮೆ ಮಾಡುವ ಪ್ರತಿಯೊಬ್ಬ ಯುವಕನೂ ಯುವತಿಯೂ ದೇಶಕ್ಕೆ ಬೇಕಾದವರು. ನೀರಿನ ಎಂಜಿನಿನ ಹಿಂದೆ ಓಡುವ ಉತ್ಸಾಹದ ಕಾಲುಪಾಲು ಈ ಕಡೆಗೆ ಹರಿದರೂ ನಾಡಿಗೆ ಲಾಭವಿದೆ.

ಆದುದರಿಂದ ತರುಣ ಮಿತ್ರರೆ, ಮುಂದೆ ಯಾರಾದರೂ ಅಂಥದೊಂದು ಯಂತ್ರವನ್ನು ತೋರಿಸಿದಾಗ ನಗಬೇಡಿರಿ, ನಮಸ್ಕರಿಸಲೂ ಬೇಡಿರಿ. ಎರಡೇ ಪ್ರಶ್ನೆ ಕೇಳಿರಿ: “ಎಷ್ಟು ಕೊಟ್ಟಿರಿ? ಎಷ್ಟು ಬಂದಿತು?” ಉತ್ತರವನ್ನು ಬಾಯಿಂದ ಕೇಳಿ ತೃಪ್ತರಾಗದೆ ಮೀಟರಿನಿಂದ ಓದಿರಿ.